ಇದ್ದಿಲ ಬಿಲ್ಲೆಯೂ ಹೊಗೆಯ ಅಡಿಗೆಯೂ

ಸೌದೆ ಪೂರ್ತಿ ಉರಿದರೆ ಉಳಿಯುವುದು ಬೂದಿ. ಉರಿಯುತ್ತಿರುವಾಗಲೇ ಅದರ ಉಸಿರು ಕಟ್ಟಿದರೆ ಉಳಿಯುವುದು ಇದ್ದಿಲು. ಸೌದೆಯ ಒಲೆಗಳಿದ್ದ ಕಾಲದಲ್ಲಿ ನಮ್ಮ ಮನೆಗಳ ಹೆಂಗಸರು ಅಡಿಗೆ ಮುಗಿದೊಡನೆ ಒಲೆಯಲ್ಲಿ ಉಳಿದ ಕೆಂಡವನ್ನು ಹಳೆಯ ಮಡಕೆಗೆ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಮಡಕೆಯೊಳಗಿನ ಗಾಳಿ ತೀರಿದ ಕ್ಷಣವೇ ಕೆಂಡ ಆರುತ್ತಿತ್ತು. ಮರುದಿನ ಅದೇ ಇದ್ದಿಲು ಅಗ್ಗಿಷ್ಟಿಕೆಗೋ ಇಸ್ತ್ರಿಪೆಟ್ಟಿಗೆಗೋ ಒದಗುತ್ತಿತ್ತು. ಬೆಂಕಿಯನ್ನು ಆಳುವುದು ಸೌದೆಯಲ್ಲ, ಗಾಳಿ ಎಂಬ ತತ್ತ್ವವನ್ನು ಅವರು ಪುಸ್ತಕವಿಲ್ಲದೆಯೇ ಬಲ್ಲವರಾಗಿದ್ದರು. ಅಮೆರಿಕ ದೇಶದಲ್ಲಿ ರಜಾದಿನಗಳಂದು ಮನೆಯ ಹಿತ್ತಲಲ್ಲಿ ನಡೆಯುವ ಬಾರ್ಬೆಕ್ಯೂ ಎಂಬ ಅಡಿಗೆಯು ಆದ್ಯಂತವಾಗಿ ಇದೇ ತತ್ತ್ವದ ಮೇಲೆ ನಿಂತಿದೆ.

ಬಾರ್ಬೆಕ್ಯೂ ಎಂದರೆ ಕೆಂಡದ ಮೇಲೆ ಮಾಂಸ ಸುಡುವುದು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಆದರೆ ಅಮೆರಿಕದ ದಕ್ಷಿಣ ಪ್ರಾಂತ್ಯದವರು ಇದನ್ನು ಒಪ್ಪುವುದಿಲ್ಲ. ಉರಿಗೆ ಒಡ್ಡಿ ಹತ್ತು ನಿಮಿಷದಲ್ಲಿ ಸುಡುವುದು ಬೇರೆ. ಮುಚ್ಚಿದ ಒಲೆಯಲ್ಲಿ, ಕೆಂಡಕ್ಕೆ ದೂರವಾಗಿ, ಹೊಗೆಯ ನಡುವೆ, ಎಂಟು ಹತ್ತು ಗಂಟೆಗಳ ಕಾಲ ಮೆಲ್ಲನೆ ಬೇಯಿಸುವುದು ಬೇರೆ. ಎರಡನೆಯದೇ ಅವರ ಪಾಲಿಗೆ ನಿಜವಾದ ಬಾರ್ಬೆಕ್ಯೂ. ಹಂದಿಯ ಭುಜ, ದನದ ಎದೆಯ ಭಾಗ ಮೊದಲಾದ ಗಟ್ಟಿ ಮಾಂಸಗಳನ್ನೇ ಅವರು ಇದಕ್ಕೆ ಆರಿಸುತ್ತಾರೆ. ಇದಕ್ಕೆ ಕಾರಣವುಂಟು. ಪ್ರಾಣಿಯ ದೇಹದಲ್ಲಿ ಹೆಚ್ಚು ದುಡಿಯುವ ಸ್ನಾಯುಗಳಲ್ಲಿ ಕೊಲಾಜೆನ್ ಎಂಬ ನಾರಿನಂತಹ ಪ್ರೋಟೀನು ಅಧಿಕವಾಗಿರುತ್ತದೆ. ಬಿರುಸಾಗಿ ಸುಟ್ಟರೆ ಅದು ಬಿಗಿದುಕೊಂಡು ಮಾಂಸವು ತೊಗಲಿನಂತಾಗುವುದು. 70 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಉಷ್ಣತೆಯಲ್ಲಿ ಹಲವು ಗಂಟೆಗಳ ಕಾಲ ಇಟ್ಟರೆ ಅದೇ ಕೊಲಾಜೆನ್ ಕರಗಿ ಮೃದುವಾದ ಜೆಲಟಿನ್ ಆಗುವುದು. ಆದುದರಿಂದ ಒಲೆಯೊಳಗಿನ ಗಾಳಿಯನ್ನು 107ರಿಂದ 121 ಡಿಗ್ರಿಗಳ ನಡುವೆ, ಎಂದರೆ ಅಮೆರಿಕದ ಲೆಕ್ಕದಲ್ಲಿ 225ರಿಂದ 250 ಡಿಗ್ರಿ ಫ್ಯಾರನ್‌ಹೀಟಿನಲ್ಲಿ, ಇಡೀ ದಿನ ನಿಲ್ಲಿಸಬೇಕು.

ಮಾಂಸವನ್ನು ತಿನ್ನದ ವಾಚಕರಿಗೆ ಇದರಿಂದೇನು ಎಂದು ತೋರಬಹುದು. ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜನ್ನು ಉಂಡವರೆಲ್ಲರೂ ಈ ವಿಷಯಕ್ಕೆ ಬಾಧ್ಯಸ್ಥರೇ. ಅಲ್ಲದೆ ಇದ್ದಿಲಿನ ಗುಣದೋಷಗಳು ಅಡಿಗೆಗಷ್ಟೇ ಸಂಬಂಧಿಸಿದವಲ್ಲ. ಪ್ರಾಣಕ್ಕೂ ಸಂಬಂಧಿಸಿದವು ಎಂಬುದು ಮುಂದೆ ತಿಳಿಯುವುದು.

ಇಷ್ಟು ಸಣ್ಣದಾದ, ಇಷ್ಟು ದೀರ್ಘವಾದ ಬೆಂಕಿಯನ್ನು ಸೌದೆಯಿಂದ ಪಡೆಯುವುದು ಕಷ್ಟ. ಸೌದೆಯಲ್ಲಿ ನೀರಿದೆ, ಹೆಮಿಸೆಲ್ಯುಲೋಸ್, ಸೆಲ್ಯುಲೋಸ್, ಲಿಗ್ನಿನ್ ಎಂಬ ಮೂರು ಮುಖ್ಯ ವಸ್ತುಗಳಿವೆ. ಕಾಯಿಸಿದಾಗ ಮೊದಲು ನೀರು ಹೊರಡುವುದು. ಸುಮಾರು 200 ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್, 300ನ್ನು ದಾಟಿದ ಮೇಲೆ ಸೆಲ್ಯುಲೋಸ್ ಒಡೆಯುವುವು. ಲಿಗ್ನಿನ್ ಬಹಳ ವಿಸ್ತಾರವಾದ ಉಷ್ಣತೆಯ ಮೇರೆಯಲ್ಲಿ ನಿಧಾನವಾಗಿ ಒಡೆಯುತ್ತ ಹೋಗುವುದು. ಒಡೆದಾಗ ಹೊರಡುವ ಅನಿಲಗಳು ಹೊತ್ತಿಕೊಂಡರೆ ಜ್ವಾಲೆ. ಹೊತ್ತಿಕೊಳ್ಳದೆ ತಂಪಾದರೆ ಹೊಗೆ. ಗಾಳಿಯಿಲ್ಲದ ಗೂಡಿನಲ್ಲಿ ಈ ಕಾರ್ಯವನ್ನು 400, 500 ಡಿಗ್ರಿಗಳವರೆಗೆ ನಡೆಸಿ, ಹೊರಡುವುದನ್ನೆಲ್ಲ ಹೊರಡಿಸಿಬಿಟ್ಟರೆ ಉಳಿಯುವುದು ಬಹುಮಟ್ಟಿಗೆ ಇಂಗಾಲವೇ ಆದ ಇದ್ದಿಲು. ಅದರಲ್ಲಿ ಜ್ವಾಲೆಯಾಗತಕ್ಕ ಅನಿಲವು ಅಲ್ಪ. ಆದುದರಿಂದಲೇ ಇದ್ದಿಲು ಉರಿಯುವುದಕ್ಕಿಂತ ಹೆಚ್ಚಾಗಿ ಕನಲುತ್ತದೆ.

ಹೊರಟುಹೋಗುವ ಅನಿಲಗಳೂ ವ್ಯರ್ಥವಲ್ಲ. ಅವನ್ನು ತಂಪುಗೊಳಿಸಿದರೆ ಮೀಥೈಲ್ ಮದ್ಯಸಾರ, ಅಸಿಟಿಕ್ ಆಮ್ಲ, ಟಾರು ದೊರೆಯುವುವು. 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಯು ಮಲೆನಾಡಿನ ಮರವನ್ನು ಹೀಗೆ ಭಟ್ಟಿಯಿಳಿಸಿ, ಇದ್ದಿಲನ್ನು ಊದುಕುಲುಮೆಗೆ ಉಪಯೋಗಿಸಿ, ಉಪಪದಾರ್ಥಗಳನ್ನು ಬೇರೆಯಾಗಿ ಸಂಗ್ರಹಿಸುತ್ತಿದ್ದುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಹೆಚ್ಚುಕಡಮೆ ಅದೇ ಕಾಲದಲ್ಲಿ ಅಮೆರಿಕದ ಮಿಚಿಗನ್ ಸಂಸ್ಥಾನದ ಐರನ್ ಮೌಂಟನ್ ಎಂಬಲ್ಲಿ ಹೆನ್ರಿ ಫೋರ್ಡನೂ ಅದೇ ಕೆಲಸಕ್ಕೆ ಕೈಯಿಕ್ಕಿದ್ದನು. ಆ ದಿನಗಳಲ್ಲಿ ಮೋಟಾರು ಗಾಡಿಗಳಿಗೆ ಮರ ಹೇರಳವಾಗಿ ಬೇಕಾಗುತ್ತಿತ್ತು. ಕೊಯ್ದ ಮರದಲ್ಲಿ ತುಂಡುಗಳೂ ಗರಗಸದ ಹೊಟ್ಟೂ ರಾಶಿರಾಶಿಯಾಗಿ ಉಳಿಯುತ್ತಿದ್ದುವು. ಪೋಲಾಗುವುದನ್ನು ಕಂಡರೆ ಸಹಿಸದ ಮನುಷ್ಯ ಫೋರ್ಡ್. ಓರಿಗನ್ ವಿಶ್ವವಿದ್ಯಾನಿಲಯದ ಓರಿನ್ ಸ್ಟಾಫರ್ಡ್ ಎಂಬ ರಸಾಯನಶಾಸ್ತ್ರಜ್ಞನು ರೂಪಿಸಿದ್ದ ಕ್ರಮವನ್ನು ಅನುಸರಿಸಿ ಆ ಕಸವನ್ನು ಇದ್ದಿಲು ಮಾಡಿ, ಪುಡಿಯನ್ನು ಪಿಷ್ಟದ ಗಂಜಿಯಲ್ಲಿ ಕಲಸಿ, ಅಚ್ಚಿನಲ್ಲಿ ಒತ್ತಿ, ದಿಂಬಿನಾಕಾರದ ಬಿಲ್ಲೆಗಳನ್ನಾಗಿ ಮಾಡಿಸಿದನು. ಬಿಲ್ಲೆಯ ಕಲ್ಪನೆ ಫೋರ್ಡನದಲ್ಲ. ಪೆನ್ಸಿಲ್ವೇನಿಯದ ಎಲ್ಸ್‌ವರ್ತ್ ಜ್ವಾಯರ್ ಎಂಬವನು 1897ರಲ್ಲಿಯೇ ಇಂತಹ ಬಿಲ್ಲೆಗೆ ಹಕ್ಕುಪತ್ರ ಪಡೆದಿದ್ದನು. ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಫೋರ್ಡನ ಕಾರ್ಖಾನೆ. ಮೊದಲಿಗೆ ಮೋಟಾರು ಮಾರುವ ಅಂಗಡಿಗಳಲ್ಲೇ ಇದ್ದಿಲ ಚೀಲಗಳೂ ಮಾರಾಟವಾಗುತ್ತಿದ್ದುವು! ಫೋರ್ಡನಿಗೆ ಆ ಕಾಡನ್ನು ಕೊಳ್ಳಲು ನೆರವಾದ ಬಂಧು ಎಡ್ವರ್ಡ್ ಕಿಂಗ್ಸ್‌ಫರ್ಡನ ಹೆಸರು ಮುಂದೆ, 1951ರಲ್ಲಿ ಕಾರ್ಖಾನೆಯು ಬೇರೆಯವರ ಕೈಸೇರಿದ ಮೇಲೆ, ಬಿಲ್ಲೆಗೇ ಅಂಟಿಕೊಂಡಿತು. ಮರುವರ್ಷ, 1952ರಲ್ಲಿ, ಷಿಕಾಗೋ ಸಮೀಪದ ವೆಬರ್ ಸಹೋದರರ ಲೋಹದ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬವನು ನೀರಿನ ಮೇಲೆ ತೇಲಿಸುವ ಲೋಹದ ಬುರುಡೆಯನ್ನು ಎರಡಾಗಿ ಸೀಳಿ, ಕೆಳಹೋಳನ್ನು ಒಲೆಯಾಗಿಯೂ ಮೇಲ್ಹೋಳನ್ನು ಮುಚ್ಚಳವಾಗಿಯೂ ಮಾಡಿ, ಗಾಳಿಕಂಡಿಗಳನ್ನಿಟ್ಟನು. ಬಿಲ್ಲೆ ಮತ್ತು ಮುಚ್ಚಳ ಎರಡೂ ಕೂಡಿದ ಮೇಲೆ ಹೊಗೆಯ ಅಡಿಗೆ ಸಾಮಾನ್ಯ ಗೃಹಸ್ಥನ ಕೈಗೆಟುಕಿತು.

ಈಗ ಆಯ್ಕೆಯ ಮಾತು. ಮಾರುಕಟ್ಟೆಯಲ್ಲಿ ಮರದ ತುಂಡಿನ ಆಕಾರವನ್ನೇ ಉಳಿಸಿಕೊಂಡ ಉಂಡೆ ಇದ್ದಿಲು ಒಂದು, ಬಿಲ್ಲೆ ಇನ್ನೊಂದು. ಉಂಡೆ ಇದ್ದಿಲಿನಲ್ಲಿ ಬೂದಿ ಕಡಿಮೆ. ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು. ಗಾಳಿ ಕೊಟ್ಟರೆ ಬಹು ಬೇಗ ಬಿಳಿಗಾವಿನವರೆಗೂ ಕಾಯುವುದು. ಆದರೆ ಚೀಲದಲ್ಲಿ ಮುಷ್ಟಿಗಾತ್ರದ ತುಂಡೂ ಇರುವುದು, ಹುಣಿಸೆಬೀಜದಷ್ಟು ಚೂರೂ ಇರುವುದು. ದೊಡ್ಡ ತುಂಡುಗಳ ಸಂದಿಯಲ್ಲಿ ಗಾಳಿ ನುಗ್ಗಿ ಬೆಂಕಿ ಏಳುತ್ತದೆ; ಚೂರುಗಳು ಒತ್ತಾಗಿ ಕುಳಿತಲ್ಲಿ ಬೆಂಕಿ ನಂದುತ್ತದೆ. ಬಿಲ್ಲೆಗಳಾದರೋ ಗಾತ್ರದಲ್ಲಿಯೂ ತೂಕದಲ್ಲಿಯೂ ಒಂದೇ ಸಮ. ಅವುಗಳ ಸಂದುಗಳೂ ಒಂದೇ ಸಮ. ಇಷ್ಟು ಬಿಲ್ಲೆಗೆ ಇಷ್ಟು ಹೊತ್ತು ಎಂದು ಎಣಿಸಿ ಹೇಳಬಹುದು. ಬಿಲ್ಲೆಯೆಂದರೆ ಕಲಬೆರಕೆ ಎಂದು ಮೂಗು ಮುರಿಯುವ ಅಡಿಗೆಪ್ರಿಯರು ಆ ದೇಶದಲ್ಲಿ ಬಹಳ ಮಂದಿ ಇದ್ದಾರೆ. ಬಿರುಸಾಗಿ ಸುಡುವ ಕೆಲಸಕ್ಕೆ ಅವರ ಮಾತು ಸರಿ. ದಿನವಿಡೀ ಒಂದೇ ಉಷ್ಣತೆ ಬೇಕಾದ ಹೊಗೆಯ ಅಡಿಗೆಗೆ ಬಿಲ್ಲೆಯೇ ಮೇಲೆಂಬುದು ನನ್ನ ಅಭಿಪ್ರಾಯ.

ಬಿಲ್ಲೆಗಳಲ್ಲಿಯೂ ತರತಮವುಂಟು. ಮರದ ಇದ್ದಿಲಿನ ಪುಡಿಯೊಡನೆ ಕೆಲವು ಕಾರ್ಖಾನೆಗಳು ಕಲ್ಲಿದ್ದಲ ಪುಡಿಯನ್ನು ಶಾಖ ಹೆಚ್ಚಲೆಂದೂ, ಸುಣ್ಣಕಲ್ಲನ್ನು ಬೂದಿ ಬೆಳ್ಳಗೆ ಕಾಣಲೆಂದೂ, ಸೋಡಿಯಂ ನೈಟ್ರೇಟನ್ನು ಬೇಗ ಹೊತ್ತಲೆಂದೂ, ಬಿಳಿಗಾರವನ್ನು ಅಚ್ಚಿನಿಂದ ಸುಲಭವಾಗಿ ಬಿಡಲೆಂದೂ ಬೆರೆಸುವುದುಂಟು. ಇನ್ನು ಕೆಲವು ಮರದ ಇದ್ದಿಲು ಮತ್ತು ಪಿಷ್ಟ ಇವೆರಡರಿಂದಲೇ ಮಾಡಿದವು. ತೆಂಗಿನ ಕರಟದ ಇದ್ದಿಲಿನಿಂದ ಮಾಡಿದ ಬಿಲ್ಲೆಗಳು ಬಲು ಗಟ್ಟಿ. ನಿಧಾನವಾಗಿ, ಬಹುಕಾಲ ಕನಲುತ್ತವೆ. ನಮ್ಮೂರ ಇಸ್ತ್ರಿಯವರು ಕರಟದ ಇದ್ದಿಲನ್ನು ಮೆಚ್ಚುವುದು ಇದಕ್ಕಾಗಿಯೇ. ದ್ರವ ಇಂಧನದಲ್ಲಿ ನೆನೆಸಿ, ಕಡ್ಡಿ ಗೀರಿದೊಡನೆ ಹೊತ್ತುವಂತೆ ಮಾಡಿದ ಬಿಲ್ಲೆಗಳೂ ದೊರೆಯುತ್ತವೆ. ಹೊಗೆಯ ಅಡಿಗೆಗೆ ಇವನ್ನು ತರಲೇಬಾರದು. ಏಕೆಂದರೆ ಈ ಅಡಿಗೆಯಲ್ಲಿ ಹೊಸ ಬಿಲ್ಲೆಗಳು ಮಾಂಸ ಒಲೆಯಲ್ಲಿರುವಾಗಲೇ ಒಂದೊಂದಾಗಿ ಹೊತ್ತಿಕೊಳ್ಳುವುವು, ಎಣ್ಣೆಯ ವಾಸನೆ ನೇರವಾಗಿ ಆಹಾರಕ್ಕೆ ಹತ್ತುವುದು.

ಚೀಲವನ್ನು ಕೊಳ್ಳುವಾಗ ಅದರ ತಳದಲ್ಲಿ ಪುಡಿ ಎಷ್ಟು ಕುಳಿತಿದೆ ಎಂದು ಮುಟ್ಟಿ ನೋಡಬೇಕು. ಪುಡಿ ಹೆಚ್ಚಾಗಿದ್ದರೆ ಬಿಲ್ಲೆ ತೇವ ತಗುಲಿ ಸಡಿಲವಾಗಿದೆಯೆಂದು ಅರ್ಥ. ಬಿಲ್ಲೆಯ ಅಂಟು ಪಿಷ್ಟವಷ್ಟೆ. ಅದು ನೀರನ್ನು ಹೀರಿ ಮೆತ್ತಗಾಗುವುದು. ಮಳೆಗಾಲದಲ್ಲಿ ಮುಚ್ಚಳವುಳ್ಳ ಡಬ್ಬಿಯಲ್ಲಿಯೇ ಶೇಖರಿಸತಕ್ಕದ್ದು. ಬೂದಿಯ ಪ್ರಮಾಣವನ್ನು ಯಾರಾದರೂ ಮನೆಯಲ್ಲಿ ಅಳೆಯಬಹುದು: ಒಣಗಿದ ನಾಲ್ಕು ಬಿಲ್ಲೆಗಳನ್ನು ತೂಗಿ, ಬಯಲಿನಲ್ಲಿ ತಗಡಿನ ಮೇಲೆ ಪೂರ್ತಿ ಉರಿಸಿ, ತಣ್ಣಗಾದ ಬೂದಿಯನ್ನು ಮತ್ತೆ ತೂಗಿದರಾಯಿತು. ಇದು ಕೇವಲ ಕುತೂಹಲದ ಪ್ರಯೋಗವಲ್ಲ. ಎಂಟು ಗಂಟೆಗಳ ಅಡಿಗೆಯಲ್ಲಿ ಬೂದಿ ಕೆಳಗೆ ಬಿದ್ದು ಗಾಳಿಕಂಡಿಯನ್ನು ಮುಚ್ಚಿದರೆ, ಇಂಧನವು ಇದ್ದಂತೆಯೇ ಬೆಂಕಿ ಸಾಯುವುದು.

ಗಾಳಿ ಎಷ್ಟು ಬೇಕೆಂಬುದನ್ನು ಲೆಕ್ಕ ಹಾಕಿ ನೋಡೋಣ. ಒಂದು ಬಿಲ್ಲೆಯ ತೂಕ ಸುಮಾರು 25 ಗ್ರಾಂ. ಅದರಲ್ಲಿ 18 ಗ್ರಾಂ ಇಂಗಾಲವಿದೆಯೆಂದು ಇಟ್ಟುಕೊಳ್ಳೋಣ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಬೇಕಾದುದರಿಂದ 18 ಗ್ರಾಮಿಗೆ 48 ಗ್ರಾಂ ಬೇಕು. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ನೂರಕ್ಕೆ 23. ಎಂದರೆ ಸುಮಾರು 207 ಗ್ರಾಂ ಗಾಳಿ. ಅಳತೆಯಲ್ಲಿ ಸುಮಾರು 170 ಲೀಟರು. ಅಂಗೈಯಲ್ಲಿ ಅಡಗುವ ಒಂದು ಬಿಲ್ಲೆ ಹತ್ತಾರು ಕೊಡಗಳಷ್ಟು ಗಾಳಿಯನ್ನು ಕುಡಿಯುತ್ತದೆ! ಪೂರ್ಣವಾಗಿ ಉರಿದರೆ ಅದು ಕೊಡುವ ಶಾಖ ಸುಮಾರು 140 ಕಿಲೋಕ್ಯಾಲರಿ. ಸ್ವಲ್ಪವೂ ಪೋಲಾಗದಿದ್ದರೆ ಎರಡು ಲೀಟರಿಗೆ ತುಸು ಕಡಿಮೆ ನೀರನ್ನು ಕುದಿಯ ಮಟ್ಟಕ್ಕೆ ತರಲು ಸಾಕು. ಒಲೆಯಲ್ಲಿ ನೂರು ಬಿಲ್ಲೆಗಳಿದ್ದರೂ ಹತ್ತಕ್ಕೆ ಸಾಲುವಷ್ಟೇ ಗಾಳಿಯನ್ನು ಬಿಟ್ಟರೆ ಹತ್ತರ ಶಾಖ ಮಾತ್ರವೇ ಹೊರಬೀಳುವುದು. ಹೊಗೆಯ ಅಡಿಗೆಯ ಗುಟ್ಟು ಇದರಲ್ಲಿದೆ.

ಆದುದರಿಂದ ಎಲ್ಲ ಬಿಲ್ಲೆಗಳನ್ನೂ ಒಮ್ಮೆಗೇ ಹೊತ್ತಿಸುವುದಿಲ್ಲ. ಗುಂಡಗಿನ ಒಲೆಯ ಒಳ ಅಂಚಿನುದ್ದಕ್ಕೂ ಎರಡೆರಡು ಬಿಲ್ಲೆಗಳನ್ನು ಒಂದರ ಪಕ್ಕ ಒಂದು, ಅವುಗಳ ಮೇಲೆ ಮತ್ತೊಂದು ಪದರ, ಹೀಗೆ ಹಾವು ಸುತ್ತಿ ಮಲಗಿದಂತೆ ಜೋಡಿಸುತ್ತಾರೆ. ತಲೆಗೂ ಬಾಲಕ್ಕೂ ನಡುವೆ ಅಂತರ ಬಿಡಬೇಕು. ಹತ್ತು ಹನ್ನೆರಡು ಬಿಲ್ಲೆಗಳನ್ನು ಬೇರೆಯಾಗಿ ಹೊತ್ತಿಸಿ ಒಂದು ತುದಿಯಲ್ಲಿ ಇಟ್ಟರೆ ಬೆಂಕಿ ಒಂದರಿಂದ ಒಂದಕ್ಕೆ ದಾಟುತ್ತ, ಊದುಬತ್ತಿ ಉರಿಯುವಂತೆ, ಗಂಟೆಗಟ್ಟಲೆ ಸಾಗುವುದು. ಸಾಧಾರಣ ಗಾತ್ರದ ಒಲೆಯಲ್ಲಿ ನೂರು ಬಿಲ್ಲೆಗಳು ಏಳೆಂಟು ಗಂಟೆ ಬರುವುದು ಸಾಮಾನ್ಯ; ಚಳಿ, ಗಾಳಿ ಹೆಚ್ಚಿದ್ದರೆ ಕಡಿಮೆ. ಎತ್ತರವಾದ ಒಲೆಗಳಲ್ಲಿ ಹೊತ್ತದ ಬಿಲ್ಲೆಗಳ ರಾಶಿಯ ಮೇಲೆ ಕೆಲವು ಕೆಂಡಗಳನ್ನು ಸುರಿದು ಬೆಂಕಿಯು ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಮಾಡುವುದೂ ಉಂಟು. ಇದನ್ನು ಬಳಕೆಗೆ ತಂದವರ ಹೆಸರಿನಿಂದ ಮಿನಿಯನ್ ಕ್ರಮವೆನ್ನುತ್ತಾರೆ.

ಮೊದಲ ಬಿಲ್ಲೆಗಳನ್ನು ಹೊತ್ತಿಸಲು ಸೀಮೆಎಣ್ಣೆ ಬೇಡ. ಎರಡೂ ಕಡೆ ತೆರೆದ ತಗಡಿನ ಕೊಳವಿಯ ನಡುವೆ ಜಾಲರಿಯಿಟ್ಟು, ಮೇಲೆ ಬಿಲ್ಲೆ ತುಂಬಿ, ಕೆಳಗೆ ಕಾಗದ ಉರಿಸಿದರೆ ಬಿಸಿಗಾಳಿ ಮೇಲೇರುತ್ತ ತಾನಾಗಿಯೇ ಹೊಸ ಗಾಳಿಯನ್ನು ಎಳೆದುಕೊಳ್ಳುವುದು. ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮೇಲಿನ ಬಿಲ್ಲೆಗಳ ಅಂಚು ಬೂದುಬಣ್ಣಕ್ಕೆ ತಿರುಗುತ್ತದೆ. ಬೂದಿ ಮುಚ್ಚಿದ ಕೆಂಡ ಎಂದು ನಾವು ಮನುಷ್ಯರ ಒಳಕೋಪಕ್ಕೆ ಹೇಳುವುದುಂಟಷ್ಟೆ. ಅಡಿಗೆಗೆ ಬೇಕಾದುದು ಅಕ್ಷರಶಃ ಆ ಸ್ಥಿತಿಯೇ. ಬಳಿಕ ಮಾಂಸವನ್ನು ಕೆಂಡಕ್ಕೆ ನೇರವಾಗಿ ಅಲ್ಲದೆ ಪಕ್ಕಕ್ಕೆ ಇಟ್ಟು, ಅದರ ಕೆಳಗೆ ನೀರಿನ ತಟ್ಟೆಯನ್ನಿರಿಸಿ, ಮುಚ್ಚಳ ಹಾಕಬೇಕು. ತಟ್ಟೆಯ ನೀರು ಆವಿಯಾಗಲು ಶಾಖವನ್ನು ಹೀರುವುದರಿಂದ ಉಷ್ಣತೆಯ ಏರಿಳಿತ ತಗ್ಗುತ್ತದೆ. ಮೇಲಿನ ಕಂಡಿಯನ್ನು ತೆರೆದೇ ಇಟ್ಟು ಕೆಳಗಿನ ಕಂಡಿಯಿಂದ ಬೆಂಕಿಯನ್ನು ಹಿಡಿತದಲ್ಲಿಡುವುದು ಉತ್ತಮ. ಮೇಲಿನದನ್ನು ಮುಚ್ಚಿದರೆ ಹಳಸಿದ ಹೊಗೆ ಒಳಗೇ ನಿಂತು ಮಾಂಸಕ್ಕೆ ಕಹಿ ಕಟ್ಟುವುದು. ಉಷ್ಣತೆ ಏರುತ್ತಿದೆಯೆಂದು ಗಾಬರಿಯಿಂದ ಮುಚ್ಚಳ ತೆರೆಯುವುದು ಹೊಸಬರ ಸ್ವಭಾವ. ತೆರೆದೊಡನೆ ಗಾಳಿ ನುಗ್ಗಿ ಬೆಂಕಿ ಇನ್ನೂ ಹೆಚ್ಚುವುದು. ಕಂಡಿಯನ್ನು ಕೂದಲೆಳೆಯಷ್ಟು ಕಿರಿದುಮಾಡಿ ಕಾಲುಗಂಟೆ ಕಾಯುವುದೇ ಉಪಾಯ.

ಇದ್ದಿಲಿನಲ್ಲಿ ಅನಿಲಗಳು ಮೊದಲೇ ಹೊರಟುಹೋಗಿವೆಯೆಂದ ಮೇಲೆ ಹೊಗೆಯ ಪರಿಮಳ ಎಲ್ಲಿಂದ ಬರಬೇಕು? ಸಾಂಬ್ರಾಣಿಯನ್ನು ನೆನೆಯಿರಿ. ಕೆಂಡಕ್ಕೆ ಪರಿಮಳವಿಲ್ಲ, ಅದರ ಮೇಲೆ ಉದುರಿಸಿದ ಪುಡಿಗೆ ಇದೆ. ಹಾಗೆಯೇ ಬಿಲ್ಲೆಯ ಸಾಲಿನ ಮೇಲೆ ಅಲ್ಲಲ್ಲಿ ಒಣಮರದ ತುಂಡುಗಳನ್ನಿಡುತ್ತಾರೆ. ಅಮೆರಿಕದಲ್ಲಿ ಹಿಕರಿ, ಓಕ್, ಸೇಬಿನ ಮರ. ಬೆಂಕಿ ಹತ್ತಿರ ಬಂದಂತೆ ತುಂಡು ಕಾದು, ಅದರ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಫೀನಾಲ್ ವರ್ಗದ ಸುಗಂಧವಸ್ತುಗಳು ಹೊರಡುವುವು. ಸೆಲ್ಯುಲೋಸಿನಿಂದ ಹೊರಟ ವಸ್ತುಗಳು ಮಾಂಸದ ಪ್ರೋಟೀನುಗಳೊಡನೆ ಕೂಡಿ ಹೊರಮೈಗೆ ಕಂದು ಬಣ್ಣ ಕೊಡುವುವು. ಕೊಡಗಿನಲ್ಲಿ ಒಲೆಯ ಮೇಲ್ಗಡೆ ಮಾಂಸವನ್ನು ತೂಗುಹಾಕಿ ಒಣಗಿಸುವ ರೂಢಿಯಲ್ಲಿ ನಡೆಯುವುದೂ ಇದೇ ರಸಾಯನ. ರಾಳವುಳ್ಳ ಪೈನ್ ಮರ, ಬಣ್ಣ ಬಳಿದ ಹಲಗೆ, ಪ್ಲೈವುಡ್ಡು ಸಲ್ಲವು. ನಮ್ಮ ಕಡೆ ಮಾವು, ಸೀಬೆ ಆಗಬಹುದು. ಕಣಗಿಲೆಯ ಕಡ್ಡಿಯನ್ನು ಮಾತ್ರ ಎಂದಿಗೂ ಬೆಂಕಿಗೆ ಹಾಕಕೂಡದು, ಅದರ ಹೊಗೆಯೂ ವಿಷ.

ಹೊಗೆಯ ಬಣ್ಣವನ್ನು ನೋಡಿಯೇ ಬೆಂಕಿಯ ಆರೋಗ್ಯವನ್ನು ಹೇಳಬಹುದು. ಗಾಳಿ ಸಾಲದಿದ್ದರೆ ಟಾರಿನ ದೊಡ್ಡ ಹನಿಗಳು ತುಂಬಿ ಹೊಗೆ ದಟ್ಟವಾಗಿ ಬೆಳ್ಳಗಿರುವುದು. ದೊಡ್ಡ ಹನಿಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಸಮನಾಗಿ ಚದುರಿಸುವುದೇ ಇದಕ್ಕೆ ಕಾರಣ. ದಹನ ಚೆನ್ನಾಗಿದ್ದಾಗ ಉಳಿಯುವ ಕಣಗಳು ಬೆಳಕಿನ ತರಂಗಕ್ಕಿಂತಲೂ ಸಣ್ಣವು. ಅವು ನೀಲಿಯನ್ನೇ ಹೆಚ್ಚಾಗಿ ಚದುರಿಸುವುವು. ಆಕಾಶದ ನೀಲಿಗೆ ಲಾರ್ಡ್ ರ‍್ಯಾಲೆ ಕೊಟ್ಟ ವಿವರಣೆಯೂ ಇದೇ ಜಾತಿಯದು. ತೆಳುವಾದ ನೀಲಿ ಹೊಗೆ ಬರುವವರೆಗೆ ಮಾಂಸವನ್ನು ಇಡದಿರುವುದು ಬಲ್ಲವರ ಪದ್ಧತಿ.

ಅಡಿಗೆಯ ನಡುವೆ ಒಂದು ವಿಚಿತ್ರ ಕಾಣುವುದು. ಮಾಂಸದ ಒಳಗಿನ ಉಷ್ಣತೆ ಏರುತ್ತ ಏರುತ್ತ 65, 70 ಡಿಗ್ರಿಗಳ ಬಳಿ ನಿಂತುಬಿಡುವುದು. ಎರಡು ಮೂರು ಗಂಟೆ ಕಳೆದರೂ ಅಲುಗದು. ಬೆಂಕಿ ಸಾಲದೆಂದು ಭ್ರಮಿಸಿ ಕೆಂಡ ಸುರಿಯುವವರುಂಟು. ನಡೆದಿರುವುದೇನೆಂದರೆ, ಮಾಂಸ ಬೆವರುತ್ತಿದೆ. ಮಣ್ಣಿನ ಹೂಜಿಯ ಮೈಯಿಂದ ನೀರು ಆರುತ್ತ ಒಳಗಿನ ನೀರನ್ನು ತಂಪಾಗಿಡುವಂತೆ, ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಬರುವ ಶಾಖವನ್ನೆಲ್ಲ ಒಯ್ಯುತ್ತದೆ. ಮೇಲ್ಮೈ ಒಣಗಿದ ಬಳಿಕ ಉಷ್ಣತೆ ಮತ್ತೆ ಏರಿ 90, 95 ಡಿಗ್ರಿ ಮುಟ್ಟಿದಾಗ ಕೆಲಸ ಮುಗಿಯಿತು. ಹೋಳು ಕೊಯ್ದರೆ ಅಂಚಿನಲ್ಲಿ ಗುಲಾಬಿ ಬಣ್ಣದ ಪಟ್ಟಿ ಕಾಣುವುದು. ಅದು ಬೇಯದ ಮಾಂಸವಲ್ಲ. ಬೆಂಕಿಯಿಂದ ಬಂದ ನೈಟ್ರಿಕ್ ಆಕ್ಸೈಡ್ ಮತ್ತು ಇಂಗಾಲದ ಮಾನಾಕ್ಸೈಡ್ ಅನಿಲಗಳು ಮಾಂಸದ ಮಯೊಗ್ಲೋಬಿನ್ ಎಂಬ ಕೆಂಪು ವಸ್ತುವನ್ನು ಹಿಡಿದುಕೊಂಡು ಬಣ್ಣ ಮಾಸದಂತೆ ಮಾಡಿರುತ್ತವೆ.

ಮಾಂಸದಲ್ಲಿ ಚೆಲುವಾಗಿ ಕಾಣುವ ಈ ಮಾನಾಕ್ಸೈಡೇ ಮನುಷ್ಯನ ನೆತ್ತರಿನಲ್ಲಿ ಮೃತ್ಯು. ಇಂಗಾಲ ಪೂರ್ಣವಾಗಿ ಉರಿದರೆ ಡೈಆಕ್ಸೈಡು ಆಗುವುದು. ಆ ಡೈಆಕ್ಸೈಡು ಕೆಂಪಗೆ ಕಾದ ಇದ್ದಿಲಿನ ನಡುವೆ ಹಾದುಬರುವಾಗ ಮತ್ತೊಂದು ಇಂಗಾಲದ ಪರಮಾಣುವನ್ನು ಸೆಳೆದುಕೊಂಡು ಮಾನಾಕ್ಸೈಡು ಆಗುವುದು. ಗಾಳಿಯನ್ನು ಬಿಗಿಹಿಡಿದಷ್ಟೂ ಇದು ಹೆಚ್ಚು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮತ್ತೆ ಲೆಕ್ಕಕ್ಕೆ ಬರೋಣ. ಬಿಲ್ಲೆಯ 18 ಗ್ರಾಂ ಇಂಗಾಲದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಮಾನಾಕ್ಸೈಡು ಆಯಿತೆನ್ನೋಣ: ಸುಮಾರು 3.7 ಲೀಟರು ಅನಿಲ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆಯಲ್ಲಿ 36,000 ಲೀಟರು ಗಾಳಿ ಹಿಡಿಯುವುದು. ಕಿಟಕಿ ಬಾಗಿಲು ಮುಚ್ಚಿದ ಅಂತಹ ಕೋಣೆಯಲ್ಲಿ ಇಪ್ಪತ್ತು ಬಿಲ್ಲೆ ಉರಿದರೆ ಗಾಳಿಯ ಐನೂರರಲ್ಲಿ ಒಂದು ಪಾಲು ಮಾನಾಕ್ಸೈಡು ಆಗುವುದು. ಸಾವಿರದಲ್ಲಿ ಒಂದು ಪಾಲಿದ್ದರೂ ಕೆಲವು ಗಂಟೆಗಳಲ್ಲಿ ಪ್ರಾಣಾಪಾಯ.

ಅಮೆರಿಕದಲ್ಲಿ ಇದ್ದಿಲ ಚೀಲದ ಮೇಲೆ ಈ ಎಚ್ಚರಿಕೆಯನ್ನು ಅಚ್ಚುಮಾಡಬೇಕೆಂದು ನಿಯಮವಿದೆ. ಆದರೂ ಮಳೆ ಬಂದಿತೆಂದು ಒಲೆಯನ್ನು ಮೋಟಾರು ಕೊಟ್ಟಿಗೆಗೆ ಎಳೆದುಕೊಂಡು, ಬಿರುಗಾಳಿಯಿಂದ ವಿದ್ಯುತ್ತು ನಿಂತ ರಾತ್ರಿ ಬೆಚ್ಚಗಾಗಲೆಂದು ಕೋಣೆಗೆ ತಂದು ಸತ್ತವರಿದ್ದಾರೆ. ಉತ್ತರ ಹಿಂದೂಸ್ಥಾನದಲ್ಲಿ ಚಳಿಗಾಲದಲ್ಲಿ ಅಂಗೀಠಿಯನ್ನು ಮಲಗುವ ಕೋಣೆಯಲ್ಲಿಟ್ಟುಕೊಂಡು ಮರುದಿನ ಏಳದವರ ಸುದ್ದಿಯನ್ನು ನಾವು ಓದುತ್ತೇವೆ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಅಗ್ಗಿಷ್ಟಿಕೆ ಇಡುವ ರೂಢಿ ಹಿಂದಿನಿಂದ ಬಂದುದು. ಹಳೆಯ ಹೆಂಚಿನ ಮನೆಗಳಲ್ಲಿ ಮಾಡಿನ ಸಂದಿಯಿಂದ ಗಾಳಿ ಸದಾ ಆಡುತ್ತಿತ್ತು. ಗಾರೆ ಚಾವಣಿ, ಗಾಜಿನ ಕಿಟಕಿಗಳ ಇಂದಿನ ಕೋಣೆಗೆ ಆ ಸೌಕರ್ಯವಿಲ್ಲ. ಹಿರಿಯರು ಬೇಸರಪಟ್ಟುಕೊಂಡರೂ ಸರಿಯೆ, ಕೂಸಿರುವ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಗೊಡಬಾರದು.

ಅಡಿಗೆ ಮುಗಿದ ಮೇಲೆ ಮೇಲಿನ ಕೆಳಗಿನ ಕಂಡಿಗಳೆರಡನ್ನೂ ಮುಚ್ಚಿ ಒಲೆಯನ್ನು ಬಯಲಿನಲ್ಲಿಯೇ ಬಿಡಬೇಕು. ಉಳಿದ ಬಿಲ್ಲೆ ಆರಿ ಮುಂದಿನ ಸಲಕ್ಕೆ ಒದಗುವುದು. ಆದರೆ ಬೂದಿಯ ಅಡಿಯ ಕೆಂಡ ಒಂದು ಹಗಲು ಒಂದು ರಾತ್ರಿ ಜೀವ ಹಿಡಿದಿರಬಲ್ಲುದು, ಅಷ್ಟರೊಳಗೆ ಮನೆಯೊಳಕ್ಕೆ ತರಬಾರದು, ಕಸದ ತೊಟ್ಟಿಗೂ ಸುರಿಯಬಾರದು. ಕೆಂಡವಿದ್ದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೆ ಕಂಡರೆ ಬೇರೆ ಕಾರಣವನ್ನು ಹುಡುಕುತ್ತ ಕೂರದೆ ಎಲ್ಲರನ್ನೂ ಬಯಲಿಗೆ ತರಬೇಕು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಸಾಧಾರಣ ಗಾಳಿಯಲ್ಲಿ ರಕ್ತದ ಮಾನಾಕ್ಸೈಡು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಹಿಡಿಯುವುದು. ಆಸ್ಪತ್ರೆಯಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದರೆ ಒಂದು ಒಂದೂವರೆ ಗಂಟೆ ಸಾಕು.